ಹೆಣ್ಣಿನ ಕಡಿ ಗಾದಿ

ಸೀಗಿ ಹುಣ್ಣಿವಿ ಮುಗದು ಮೂರನೇ ದಿನ
ವಡಗಾವಿಯ ನಮ್ಮ ಗೋಡೌನಿನ ಪತ್ರಾಸ ಬಾಗಲಾ ಎಳದರ
ಮೊದಲ ಹೊರಗ ಬಂದದ್ದು ವಾಸನಿ.
ಹುಳಿ ಮಜ್ಜಿಗಿ, ಹಸಿ ಗ್ವಾಡಿ, ಮುಚ್ಚಿಟ್ಟ ಟ್ರಂಕು,
ನಾಕು ತಿಂಗಳ ಜಿಟಿಜಿಟಿ ಮಳಿ
ಒಳಗ ಬಾಡಿಗಿಗಿ ಇದ್ದಂಗ.

ಲಾನಿನ್ಯಾಗ ಇಡೂ ಮದಲಿಂಗ ಮದಲಗಿತ್ತಿ ಸೋಫಾ,
ಬಂಗಾರ ಬಣ್ಣದ ಕಾಲು, ಹುಲಿ ಮಾರಿ ಕೈ.
ಕೆಂಪ ಗಾದಿಗಿ ಕರೇ ಬೂಷ್ಟು.
ಮೈದುನ ಕಲ್ಮೇಶ ಅಂದ, ಹೊಸಾವ ಹೊಲಸೂನು.
ಮೆಹರೂನಬಿ ಅಂದ್ಲು, ರೊಕ್ಕಾ ಭಾಳ ಆಗ್ಯಾವೇನ?
ಈ ಗಾದಿ ಅರಳಿ ಬಡದಾಂವ ಆಕಿ ಮಾವ.
ಆ ಕಮಾನಿನ ಝಂಯ್ ಅನ್ನೂ ಸಪ್ಪಳ
ಆಕಿ ಕಿವ್ಯಾಗ ಇನ್ನಾ ಐತಿ.

ಒಳಗ ಜಾಡಸಬ್ಯಾಡ, ಬಿಸಲಿಗಿ ಒಯ್ಯಿ.
ಒಂದರ ಬೂಷ್ಟು ಹತ್ತಕ್ಕ ಹರಡತೈತಿ, ಓಣ್ಯಾಗಿನ ಸುದ್ದಿಗತೆ.
ಮೂಗಿಗಿ ಸೆರಗ ಕಟ್ಟು, ಒಣಾ ಬ್ರಷ್‌ಲೆ ಜಾಡಸು.
ಆಮ್ಯಾಲ ಬಿಳೇ ಶಿರ್ಕಾ ಒಂದು ವಾಟಗಾ,
ನೀರ ಒಂದು ವಾಟಗಾ.
ಪಾರ್ಲರಿನ ಹುಡಗಿ ಕೂದಲಕ್ಕ ನೀರ ಹೊಡಿಯೂ ಬಾಟ್ಲಿ
ಕಡಾ ತಂದೆ, ಇನ್ನಾ ಕೊಟ್ಟಿಲ್ಲ.
ಮೂಲ್ಯಾಗ ಒಂದು ಬಟ್ಟು ಹಚ್ಚಿ ನೋಡು,
ಬಣ್ಣಾ ಬಿಟ್ಟರ ಅಲ್ಲಿಗೇ ಬಿಡು, ಅಂದ್ಲು.
ಬಿಡಲಿಲ್ಲ ಬಣ್ಣ.

ಅರ್ಧಾ ತಾಸಿನ ಮ್ಯಾಲೆ ಸೋಡಾಪುಡಿ ನಾದಿ ಮೆತ್ತಿದಿವಿ.
ಬುಸ್ಸಂತ ನೊರಿ ಎದ್ದು,
ನಿಶ್ಚಯಕ್ಕ ಬಂದ ಬೀಗರಂಗ ಒಂದ ಘಳಿಗಿ ಗದ್ದಲಾ ಮಾಡಿ
ತಣ್ಣಗ ಕುಂತಿತು.

ಕಲ್ಮೇಶ ಬ್ಲೀಚಿಂಗ್ ಪುಡಿ ತಂದ.
ಇದನ್ನೂ ಸುರೀರಿ, ಲಗೂನ ಹೋಗತೈತಿ.
ಮೆಹರೂನಬಿ ಅವನ ಕೈ ಹಿಡದ್ಲು.
ಶಿರ್ಕಾಕ್ಕ ಇದನ್ನ ಕೂಡಸಬಾರದು ತಮ್ಮಾ.
ಎರಡೂ ಛಲೋವನ, ಬ್ಯಾರೆ ಬ್ಯಾರೆ ಇದ್ದರ.
ಕೂಡಿಸಿದರ ಉಸರ ಕಟ್ಟೂ ಹೊಗಿ ಏಳತೈತಿ.
ಆಮ್ಯಾಲ ಯಾರೂ ಮಾತಾಡಲಿಲ್ಲ.
ಬಾಜೂ ಮನಿ ಮಗ್ಗ ಖಟಖಟ ಅಂತಿತ್ತು.
ಆಕಿ ಎರಡನೇ ಮಗಳು ಹ್ವಾದ ವರ್ಷ
ಹೊಳ್ಳಿ ಬಂದಾಳ.

ತಿಕ್ಕತ ತಿಕ್ಕತ ಕಂಡದ್ದು ಇದು:
ಬೂಷ್ಟು ಎಲ್ಲಾ ಕಡಿ ಒಂದ ನಮೂನಿ ಕುಂದ್ರೂದಿಲ್ಲ.
ಬೆವರು, ತಲಿ ಎಣ್ಣಿ ಹತ್ತಿದಲ್ಲೆ ಅದರ ಊಟ.
ಮದಲಿಂಗನ ಕಡಿ ಬೆನ್ನಿನ ಗಾದಿ ಪೂರಾ ಕರೆ,
ತಲಿಯಿಂದ ಸೊಂಟದ ತನಕ ಆರಾಮಾಗಿ ಆತವರ ಗುರ್ತು.
ಮದಲಗಿತ್ತಿ ಕಡಿದು ಅಂಗಡಿಂದ ಇವತ್ತ ತಂದಂಗ.
ಕೆಳಗಿನ ಗಾದಿಗೂ ತುದಿಗಿ ಒಂದು ಗೇಣು ಅಷ್ಟ ಬೂಷ್ಟು.
ಒಂಬತ್ತು ವರ್ಷ, ಲೆಕ್ಕಾ ಹಿಡದರ ಐದನೂರು ಹೆಣ್ಣು,
ಒಬ್ಬಾಕಿನೂ ಆತು ಕುಂತಿಲ್ಲ.
ಜಡಿ, ದಂಡಿ, ನಿರಿಗಿ, ಮಾವನ ಮಾರಿ,
ಮ್ಯಾಡಮ್ ಸ್ವಲ್ಪ ಮುಂದ ಸರೀರಿ ಅನ್ನೂ ಫೋಟೋದಾಂವ.
ನನ್ನದು ಚಾಪಿ ಮ್ಯಾಲಿನ ಲಗ್ನ.
ಚಾಪಿಗಿ ಎಂಥಾ ತುದಿ?
ಆದರೂ ತುದಿಗೇ ಕುಂತ ನೆನಪು.

ಕೆಲಸ ಅರ್ಧಾ ಉಳೀತು ಅಂತ ಕಲ್ಮೇಶ ನಕ್ಕ.
ನಾವು ಆ ಕಡಿದನ್ನೂ ತಿಕ್ಕಿದಿವಿ, ಸುಮ್ಮನ.
ತಣ್ಣೀರಿಲೆ ಒರಸಿ, ಅಂಗಳದಾಗ ಬಿಸಲಿಗಿ ಹಚ್ಚಿ,
ತಾಸಿಗೊಮ್ಮೆ ಮಗ್ಗಲಾ ಬದಲಿಸಿದಿವಿ.

ಸಂಜೀಕ ಮೆಹರೂನಬಿ ಅಂದ್ಲು,
ಮ್ಯಾಲೆ ಮುಟ್ಟಿದರ ಗೊತ್ತಾಗೂದಿಲ್ಲ.
ಒಳಗಿನ ಅರಳಿ ಒಣಗೇತೇನು ನೋಡಾಕ
ಕುಂತ ನೋಡಬೇಕು.
ಹೆಣ್ಣಿನ ಕಡಿಗೇ ಕುಂತ್ಲು.
ಹಿಂದ ಹಿಂದ ಸರಕೊಂತ ಹ್ವಾದ್ಲು,
ಬೆನ್ನು ಗಾದಿಗಿ ಮುಟ್ಟೂತನಕ.
ಕಾಲ ಎರಡೂ ನೆಲಾ ಬಿಟ್ಟು ಮ್ಯಾಲೆ ಬಂದ್ವು.
ಸೋಡಾ ತಿಂದ ಬಟ್ಟ ಉಡ್ಯಾಗ ಇಟಗೊಂಡು
ಕಣ್ಣ ಮುಚ್ಚಿದ್ಲು.

ಇನ್ನಾ ಹಸಿ ಐತಿ, ಅಂದ್ಲು,
ಏಳಲಿಲ್ಲ.

ಮೊದಲನೇ ಬುಕಿಂಗು ತುಳಸಿ ಲಗ್ನದ ಮರುದಿನ.
ಅಲ್ಲಿತನಕ ದಿನಾ ಸಂಜೀಕ ಬರತಿದ್ಲು ನೋಡಾಕ.
ದಿನಾ ಹಸೀನ ಇತ್ತು.