ದೊಡ್ಡಕ್ಷರ

ಕುತೈಸಿಯಲ್ಲಿ ಬೆಳಗಿನ ಜಾವ ನಾಲ್ಕೂ ಕಾಲು.
ನೆಸ್ತಾನಳ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು,
ಮೇಜಿನ ಒಂದು ಕಾಲಡಿ ಮಡಚಿಟ್ಟ ಕರೆಂಟು ಬಿಲ್ಲು,
ಅದಿಲ್ಲದಿದ್ದರೆ ಕುಂಟುತ್ತದೆ.
ಫೋನಿನಲ್ಲಿ ಮಾಲ್ಖಾಜ್, ಜುಗ್ದೀದಿಯ ನಿಲ್ದಾಣದಿಂದ:
"ನಿನ್ನ ಪುಟ ದಾರಿ ತೆರೆದಿದೆ ಅನ್ನುತ್ತದೆ, ತಂಗೀ,
ಆದರೆ ಬೆಟ್ಟದಿಂದ ಚೀಸಿನ ಗಾಡಿ ಇಳಿದೇ ಇಲ್ಲ.
ಯಾರನ್ನು ನಂಬಲಿ?
ವ್ಯಾನಿನಲ್ಲಿ ಹದಿನಾಲ್ಕು ಜನ, ಒಂದು ಹೊಲಿಗೆ ಯಂತ್ರ."

ರಾತ್ರಿ ಹನ್ನೊಂದಕ್ಕೇ ಬರೆದಿದ್ದಳು ಅವಳು:
ಖೈಶಿಯ ಬಳಿ ಬಂಡೆ ಕುಸಿದಿದೆ, ದಾರಿ ಬಂದ್.
ಕಮಿಟ್ ಮಾಡಿದ್ದಳು, ಪುಶ್ ಮಾಡಿದ್ದಳು,
ಗಿಟ್ ಗೋಣು ಆಡಿಸಿತ್ತು,
ಇವಳು ಹಲ್ಲುಜ್ಜಿ ಮಲಗಿದ್ದಳು.

"ಹೊರಡಬೇಡ. ಚೀಸಿನ ಗಾಡಿಯನ್ನೇ ನಂಬು."

ಆಮೇಲೆ ಹುಡುಕಾಟ.
ಮೊದಲು ಎಲ್ಲರೂ ಮಾಡುವ ದಡ್ಡ ಕೆಲಸ:
ಪುಟವನ್ನು ಮತ್ತೆ ಮತ್ತೆ ತೆರೆಯುವುದು,
ಬಾಗಿಲು ತಟ್ಟಿದ್ದು ಒಳಗೆ ಕೇಳಿಸಲಿಲ್ಲವೇನೋ ಎಂಬಂತೆ.
ಕ್ಯಾಶ್ ತೊಳೆದಳು. ಶುಕ್ರವಾರದ ದಾರಿ, ತೆರೆದೇ ಇದೆ.
ಬ್ರಾಂಚ್ ನೋಡಿದಳು. ಕೂತಿರುವ ಕೊಂಬೆ ಸರಿಯಾದದ್ದೇ.
ಟೋಕನ್ ಸತ್ತಿಲ್ಲ, ಮಾರ್ಚಿವರೆಗೆ ಆಯಸ್ಸಿದೆ.
ಇಲ್ಲಿ, ಈ ಕುಂಟು ಮೇಜಿನ ಮೇಲೆ, ಬಿಲ್ಡ್ ಹಸಿರು.
ಅಲ್ಲಿ, ಯಾವ ಊರಿನದೋ ತಿಳಿಯದ ಬಾಡಿಗೆ ಯಂತ್ರದ ಹೊಟ್ಟೆಯಲ್ಲಿ
ಕೆಂಪು.
ಕೆಂಪಾದರೂ ಅದು ಕೂಗುವುದಿಲ್ಲ, ಬಹಳ ಸಭ್ಯ:
ಹೊಸ ಅಡುಗೆ ಕೆಟ್ಟರೆ ಹಳೆಯದನ್ನೇ ಬಡಿಸುತ್ತದೆ,
ತಂಗಳೆಂದು ಹೇಳದೆ.

ನಾನೂರು ಸಾಲಿನ ಲಾಗ್.
ಮುನ್ನೂರ ಎಂಬತ್ತೊಂದರಲ್ಲಿ: ಗ್ಜಾ ಎಂಬ ಫೋಲ್ಡರು ಸಿಗಲಿಲ್ಲ.
ಗ್ಜಾ ಎಂದರೆ ಅವರ ಮಾತಿನಲ್ಲಿ ದಾರಿ.
ದಾರಿ ಸಿಗಲಿಲ್ಲ ಎಂದು ಬರೆದಿಟ್ಟಿತ್ತು ಯಂತ್ರ,
ಮಾಲ್ಖಾಜ್‌ಗಿಂತ ಎರಡು ದಿನ ಮೊದಲು.

ಸಿಗದೆ ಏನು, ಇಲ್ಲೇ ಇದೆಯಲ್ಲ!
ಇದೆ. ಆದರೆ ಗಿಟ್‌ನ ನೆನಪಿನಲ್ಲಿ ಆ ಹೆಸರಿನ
ಮೊದಲ ರೋಮನ್ ಅಕ್ಷರ ದೊಡ್ಡದು,
ಕರೆಯುವ ಸಾಲಿನಲ್ಲಿ ಸಣ್ಣದು.
ಅವಳ ಲ್ಯಾಪ್‌ಟಾಪಿಗೆ ಎರಡೂ ಒಂದೇ,
ಹೇಗೆ ಕರೆದರೂ ಓಗೊಡುವ ಸೋಮಾರಿ ಪ್ರೀತಿ.
ಬಾಡಿಗೆ ಯಂತ್ರಕ್ಕೆ ಹಾಗಲ್ಲ:
ದೊಡ್ಡವರು ಬೇರೆ, ಸಣ್ಣವರು ಬೇರೆ.

ನೆಸ್ತಾನ್ ತಿದ್ದಿದ ಲಿಪಿಯಲ್ಲಿ ದೊಡ್ಡಕ್ಷರವೇ ಇಲ್ಲ,
ನಮ್ಮದರಲ್ಲಿ ಇಲ್ಲದ ಹಾಗೆ.
ದುಂಡುದುಂಡಗೆ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಅಕ್ಷರಗಳು,
ವಾಕ್ಯದ ತುದಿಗೆ ಯಾರೂ ಪೇಟ ಸುತ್ತಿ ನಿಲ್ಲುವುದಿಲ್ಲ.
ಶಾಲೆಯಲ್ಲಿ ಎತೇರಿ ಟೀಚರು ಇಂಗ್ಲಿಷ್ ಕಾಪಿಯ ತುಂಬ
ಕೆಂಪು ಶಾಯಿ ಸುರಿದಿದ್ದರು:
ಊರಿಗೆ ದೊಡ್ಡದು, ಹೊಳೆಗೆ ದೊಡ್ಡದು,
ನಾನು ಅನ್ನುವುದಕ್ಕೂ ದೊಡ್ಡದು.
"ನಾನು ಅನ್ನೋದು ಯಾಕೆ ಟೀಚರ್ ಅಷ್ಟು ದೊಡ್ಡದು?"
ಉತ್ತರವಾಗಿ ಸಿಕ್ಕಿದ್ದು ಕ್ಲಾಸಿನ ಮೂಲೆ.

ಯಾರು ಮಾಡಿದ್ದು ಇದನ್ನು? ಗಿಟ್‌ನನ್ನೇ ಕೇಳಿದಳು.
ಗಿಟ್‌ಗೆ ಮುಲಾಜಿಲ್ಲ.
ಶುಕ್ರವಾರ, ಸಂಜೆ ಐದೂ ಐವತ್ತು. ನೆಸ್ತಾನ್.
ಸಂದೇಶ: ಚಿಕ್ಕ ರಿಪೇರಿ.

ನೇರವಾಗಿ ತಿದ್ದಹೋದರೆ
ಏನೂ ಬದಲಾಗಿಲ್ಲವಲ್ಲ ಅನ್ನುತ್ತದೆ.
ಹೆಸರಿನಿಂದ ಅದೇ ಹೆಸರಿಗೆ ಹೋಗಲು
ಪರರ ಹೆಸರಿನ ಅಂಗಳ ಹಾಯಬೇಕು.
ಎರಡು ಆಜ್ಞೆಗಳ ನಡುವೆ ಅರೆಗಳಿಗೆ
ಬೆಟ್ಟದ ದಾರಿಯ ಹೆಸರು ಬದ್ರಿಜಾನಿ ಆಗಿತ್ತು,
ಅಂದರೆ ಬದನೆಕಾಯಿ,
ಒಲೆಯ ಪಕ್ಕ ಕಣ್ಣಿಗೆ ಬಿದ್ದದ್ದು ಅದೇ.

ಪುಶ್.
ಹಳದಿ ಚುಕ್ಕೆ ತಿರುಗಿತು, ತಿರುಗಿತು.
ಅವಳು ಉಗುರು ಕಚ್ಚಿದಳು, ಬಿಲ್ಲಿನ ಮಡಿಕೆ ಸರಿಮಾಡಿದಳು.
ಹಸಿರು.
ಪುಟದಲ್ಲಿ ಕೊನೆಗೂ: ದಾರಿ ಬಂದ್.
ಇಷ್ಟು ಖುಷಿಯಿಂದ ಯಾರೂ ದಾರಿ ಮುಚ್ಚಿರಲಿಕ್ಕಿಲ್ಲ.

"ಏನಾಗಿತ್ತು?" ಎಂದ ಮಾಲ್ಖಾಜ್.
"ಒಂದು ಅಕ್ಷರ."
"ತಪ್ಪಾಗಿತ್ತಾ?"
"ಇಲ್ಲ. ದೊಡ್ಡದಾಗಿತ್ತು."
ಅವನಿಗೆ ತಿಳಿಯಲಿಲ್ಲ, ನಕ್ಕ.
ಅವನ ಹಿಂದೆ ಕಟಕಟ ಸದ್ದು.
ಕಾಯುವುದು ಹೇಗೂ ಇದೆಯೆಂದು ಹೊಲಿಗೆಯಂತ್ರದ ಹೆಂಗಸು
ವ್ಯಾನಿನ ಹರಿದ ಸೀಟುಗವುಸು ಬಿಚ್ಚಿಕೊಂಡು
ಹೊಲಿಯಲು ಕೂತಿದ್ದಳು,
ದೀಪದ ಕಂಬದ ಕೆಳಗೆ, ಕಾಲುದಾರಿಯ ಮೇಲೇ.