ಗೇಣಿನೊಳಗ

ಮಾಳಗಿ ಮ್ಯಾಲ ನಿಂತ್ರ ಹಫ್ತ್ ಗುಂಬಜಿನ ಪಾರಿವಾಳ
ಇವತ್ತಿಗೂ ಎಣಿಸ್ತೀನಿ.
ಆಳಂದ ಬಸ್ಸಿನ ಬೋರ್ಡು ಚೌಕದ ಆಚಿಂದಲೇ ಓದ್ತೀನಿ.
ಕೈಯಾಗಿನ ಗುಳಿಗಿ ಚೀಟಿ ಮಾತ್ರ
ಇರಿವಿ ಸಾಲು. ಅದೂ ನೀರಾಗ ತೊಯ್ದ ಇರಿವಿ.
ಕೈ ಚಾಚ್ತೀನಿ, ಇನ್ನೊಂದಿಷ್ಟು ಚಾಚ್ತೀನಿ,
ತೋಳೇ ತೀರ್ತದ,
ಅಕ್ಷರ ಇನ್ನೂ ಬೇಕಂತಾವ.

ಇಪ್ಪತ್ನಾಲ್ಕಕ್ಕ ನೋಂದಣಿ ಕಚೇರ್ಯಾಗ ನೌಕರಿ.
ಏಳು ತಿಂಗಳ ಪಗಾರ ಗಂಟು ಕಟ್ಟಿ
ಒಬ್ಬಾಕೀನೇ ಹೈದರಾಬಾದಿನ ರೈಲು ಹತ್ತಿದ್ದೆ.
ಲೇಸರು ಅಂದ್ರ ಕೆಂಪನ್ನ ಒಂದು ಚುಕ್ಕಿ,
ಕೂದಲು ಸುಟ್ಟ ವಾಸನಿ,
ಒಂದೊಂದು ಕಣ್ಣಿಗೆ ಅರ್ಧ ನಿಮಿಷ.
ತಿರುಗಿ ಬರೂವಾಗ ವಾಡಿ ಜಂಕ್ಷನ್ನಿನಾಗ
ಬೇವಿನ ಗಿಡಕ್ಕ ಎಲಿ ಎಲಿ ಬ್ಯಾರೆ ಬ್ಯಾರೆ ಇದ್ದದ್ದು ಕಂಡು
ಕಿಡಕಿ ಸರಳು ಹಿಡಕೊಂಡು ಅತ್ತೆ.
ಕಣ್ಣು ತಿಕ್ಕಬ್ಯಾಡ ಅಂದಿದ್ರು ಡಾಕ್ಟರು,
ಅಳಬ್ಯಾಡ ಅಂದಿರಲಿಲ್ಲ.

ಸೋಡಾ ಬಾಟ್ಲಿ ತಳದಂಥ ಚಷ್ಮಾ
ಅಪ್ಪನ ಕೆರಿಗೆ ಒಗದೆ.
ಬುಳಕ್ ಅಂತು. ಅಷ್ಟೇ.
ಅಕ್ಕ ದಂಡಿ ಮ್ಯಾಲ ನಿಂತು
'ರೊಕ್ಕ ಕೊಟ್ಟದ್ದಲ್ಲೇನ ಅದು' ಅಂದ್ಲು.

ಅಕ್ಕ ಅಂದ್ರ ಜಗದೇವಿ. ನನಗಿಂತ ದಪ್ಪ ಗಾಜು.
ಕಣ್ಣಿಗೆ ಬೆಂಕಿ ತೋರಸ್ಕೊಳ್ಳಾಕಿ ಅಲ್ಲ ನಾ, ಅಂತ
ಅದೇ ಗಾಜಿನಾಗ ಐವತ್ತು ದಾಟ್ಯಾಳ.
ಫೋಟೋದಾಗ ಅವಳಿಗೆ ಕಣ್ಣೇ ಇಲ್ಲ,
ಎರಡು ಬೆಳಕಿನ ಬಿಲ್ಲಿ.

ಹೋದ ತಿಂಗಳು ಸೂಪರ್ ಮಾರ್ಕೆಟ್ಟಿನ ಅಂಗಡ್ಯಾಗ
ಮುನೀರ ಸಾಬ ನನ್ನ ಗದ್ದ ಮಶೀನಿಗೆ ಹಚ್ಚಿ ನೋಡಿ
'ಬಾಯಾರೆ, ಲೇಸರು ಕೆಟ್ಟಿಲ್ರಿ. ಅದು ದೂರದ ಕೆಲಸ ಮಾಡ್ಯದ.
ನಲವತ್ತೈದು ಅನ್ನೋದು ಬ್ಯಾರೆ ಖಾತಿ,
ಅದರ ಬಾಕಿ ಎಲ್ಲಾರೂ ಕಟ್ಟಬೇಕ್ರಿ' ಅಂದ.
ಒಂದೂವರಿ ನಂಬರು. ಎರಡ್ನೂರಾ ಎಂಬತ್ತು ರೂಪಾಯಿ.
ಕಚೇರ್ಯಾಗ ಜನ ಇಲ್ಲದಾಗ ಹಾಕ್ತೀನಿ,
ಕದ್ದು ಬೀಡಿ ಸೇದಿದಂಗ.

ನಿನ್ನಿ ಹಿತ್ತಲದಾಗ ಜಾಲಿ ಮುಳ್ಳು ಬೆರಳಾಗ ಮುರೀತು.
ಅಕ್ಕ ಚಷ್ಮಾ ನೆತ್ತಿ ಮ್ಯಾಲ ಏರಿಸಿ
ನನ್ನ ಕೈ ಮೂಗಿನ ತನಕ ಒಯ್ದು, ಗೇಣೂ ಇಲ್ಲ,
ಸೂಜಿ ತುದೀಲೆ ಹುಡುಕಿದ್ಲು.
ಬರಿಗಣ್ಣಿಲೆ. ಐವತ್ಮೂರರಾಗ.
'ಇಲ್ಲೇ ಅದ ನೋಡು, ಹಡಬಿಟ್ಟಿದ್ದು, ಅಡ್ಡ ಮಲಗ್ಯದ.'
ಉಸಿರು ಬೆರಳಿಗೆ ತಾಗ್ತಿತ್ತು.

ಆಗ ನೆನಪಾತು. ನನಗೂ ಇತ್ತು ಇದು.
ಹಾಸಿಗ್ಯಾಗ ಚಷ್ಮಾ ತಗದಿಟ್ಟು
ದುಪ್ಪಟಿ ನೂಲಿನ ಒಂದೊಂದು ಎಳಿ,
ನಿದ್ದಿ ಹತ್ತಿದ ಅಕ್ಕನ ರೆಪ್ಪಿ,
ಬುಡ್ಡಿ ದೀಪದಾಗ ಎಣಿಸ್ತಿದ್ದೆ.
ಆ ಗೇಣಿನಷ್ಟು ಜಗತ್ತು ಪೂರಾ ನಂದು.
ಕುರುಡಿ ಅಂದವ್ರಿಗೆ ಗೊತ್ತಿರಲಿಲ್ಲ.
ಅದನ್ನ ಕೊಟ್ಟೇ ಗುಂಬಜು ತಂದದ್ದು ಅಂತ
ನನಗೂ ಗೊತ್ತಿರಲಿಲ್ಲ.

ಕೆಟ್ಟ ವ್ಯಾಪಾರ ಏನಲ್ಲ.
ಇನ್ನೊಮ್ಮಿ ಕೇಳಿದ್ರೂ ಆ ರೈಲು ಹತ್ತತೀನಿ.

ಮುಳ್ಳು ಬಂತು. ಅಕ್ಕ ಕೈ ಬಿಡಲಿಲ್ಲ.
ಅಷ್ಟು ಹತ್ರ ಅವಳ ಮುಖ ಬರೇ ಮಬ್ಬು.
ಹಿಂದ ಸರೀಬಹುದಿತ್ತು.
ಇನ್ನೊಂದು ಕೈಲೆ ಕಟ್ಟಿ ಮ್ಯಾಲಿನ ಪರ್ಸು ತಗದೆ,
ಅವಳೆದುರೇ ಹಾಕ್ಕೊಂಡೆ.
ಮೂಗಿನ ಎರಡೂ ಕಡಿ ಒಂದೊಂದು ಕುಳಿ,
ನಲವತ್ತು ವರ್ಷದ ಗಾಜು ಕೂತ ಜಾಗ.
'ಏನ ನೋಡ್ತಿ?' ಅಂದ್ಲು.
'ರೆಪ್ಪಿ' ಅಂದೆ. 'ಭಾಳ ಉದುರ್ಯಾವ.'