ಪೆನ್ಸಿಲ್ಲಿನಲ್ಲಿ ಬರೆದ ಪಟ್ಟಿ

ತಿಂಗಳ ಕೊನೆಯ ವಾರ. ಡ್ಯೂಟಿ ಪಟ್ಟಿಗೆ
ನನಗೆ ಪೆನ್ಸಿಲ್ಲೇ ಆಗಬೇಕು.
ಪೆನ್ನಿನಲ್ಲಿ ಬರೆದ ಇನ್‌ಚಾರ್ಜ್ ಯಾರೂ
ಈ ವಾರ್ಡಿನಲ್ಲಿ ವರ್ಷ ತುಂಬಿಸಿಲ್ಲ.

ಪುಷ್ಪಲತಾಗೆ ಹಾಲೂಡುವ ಕೂಸು, ರಾತ್ರಿ ಬೇಡ.
ದಾಕ್ಷಾಯಿಣಿಯ ಗಂಡ ಹರಿಹರದ ಕೊನೆ ಬಸ್ಸಿನ ಕಂಡಕ್ಟರು;
ಇಬ್ಬರಿಗೂ ಒಂದೇ ದಿನ ರಜೆ ಬಿದ್ದರೆ
ಒಂದು ಹೊತ್ತಾದರೂ ಎದುರುಬದುರು ಉಂಡಾರು.
ಎಲಿಜಬೆತ್‌ಗೆ ಮಂಡಿನೋವು. ಹೇಳಿಕೊಳ್ಳುವುದಿಲ್ಲ,
ಮೆಟ್ಟಿಲ ನಡುವೆ ನಿಂತು
ಕೈಚೀಲದಲ್ಲಿ ಏನೋ ಹುಡುಕಿದ ಹಾಗೆ ಮಾಡುತ್ತಾಳೆ.
ಉಳಿದದ್ದೆಲ್ಲ ರುಖಿಯಾಗೆ.
ಹೊಸಬಳು, ಮದುವೆಯಾಗಿಲ್ಲ,
‘ಆಗಲ್ಲ’ ಅನ್ನುವುದನ್ನು ಇನ್ನೂ ಕಲಿತಿಲ್ಲ.

ಹೀಗೆ ಬರೆದವಳು ನಾನೇ.
ಒಂದರ ಹಿಂದೊಂದು ನಾಲ್ಕು ರಾತ್ರಿ,
ಮೂವತ್ತೆಂಟು ಹಾಸಿಗೆ, ಒಂದು ಜೋಡಿ ಕೈ.

ಕೊನೆಯ ಬೆಳಗಿನ ಆರು ಗಂಟೆಗೆ
ಹದಿನಾಲ್ಕರ ಹಾಲಮ್ಮನ ಇನ್ಸುಲಿನ್
ಹದಿನೈದರ ಹಾಲಮ್ಮನ ತೋಳಿಗೆ ಹೋಯಿತು.
ಒಬ್ಬಳು ಆನಗೋಡಿನವಳು, ಒಬ್ಬಳು ಮಾಯಕೊಂಡದವಳು,
ಹೆಸರು ಹಿಡಿದು ಕರೆದರೆ ಇಬ್ಬರೂ ‘ಹ್ಞೂಂ’ ಅನ್ನುವವರೇ.
ಅವಳೇ ಫೋನು ಮಾಡಿದಳು.
ಯಾರೂ ನೋಡಿರಲಿಲ್ಲ, ಆದರೂ ಅವಳೇ.
‘ಸಿಸ್ಟರ್, ನಾನು…’ ಅಂದು ನಿಂತಳು.

ನಮ್ಮಪ್ಪ ಹತ್ತಿ ಗಿರಣಿಯಲ್ಲಿ ಜಾಬರ್.
ಎಳೆ ಕಡಿದಾಗ ಹುಡುಗರನ್ನು ಬೈದದ್ದು ಕಾಣೆ.
‘ಮೊದ್ಲು ಗಂಟು ಹಾಕು. ಕಡ್ದೋರು ಯಾರು ಅಂತ
ಮಿಷನ್ನು ನಿಂತ ಮ್ಯಾಲೆ ಕೇಳಾಣ.’
ಎಂದೋ ಬಾಗಿಲು ಹಾಕಿದ ಗಿರಣಿ;
ಅದರ ಸೈರನ್ನು ಆ ಬೆಳಿಗ್ಗೆ ನನ್ನ ಗಂಟಲಲ್ಲಿ ಕೂಗಿತು.

‘ಸಕ್ಕರೆ ಎಷ್ಟು?’
‘ಐವತ್ತೆರಡು.’
‘ಡಾಕ್ಟರು?’
‘ಎಬ್ಬಿಸಿದೆ, ಬಂದಿದ್ದಾರೆ, ಡೆಕ್ಸ್‌ಟ್ರೋಸ್ ಹೋಗ್ತಿದೆ.’
‘ಪಕ್ಕ ಬಿಟ್ಟು ಏಳಬೇಡ. ಕಾಲು ಗಂಟೆಗೊಮ್ಮೆ ನೋಡು.
ಅಳೋದು ಆಮೇಲೆ. ಪಿ.ಬಿ. ರೋಡು ದಾಟ್ತಿದ್ದೀನಿ.’

ನಾನು ಮುಟ್ಟುವಾಗ ನೂರಾ ಹತ್ತು.
ಹಾಲಮ್ಮ ಸೆರಗಲ್ಲಿ ಬೆವರೊರೆಸಿಕೊಂಡು ಚಾ ಕೇಳುತ್ತಿದ್ದಳು.

ಮೇಲಿನವರು ಕೇಳಿದರು: ‘ಯಾರು?’
ಒಂದು ಹೆಸರಿಗೆ ಮುಗಿದುಹೋಗುವ ಪ್ರಶ್ನೆ.
ಒಂದು ಮೆಮೊ, ಒಂದು ಸಹಿ, ಊಟದ ಹೊತ್ತಿಗೆ ಎಲ್ಲ ಚೊಕ್ಕಟ.
ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟೆ.
‘ಈ ನಾಲ್ಕು ರಾತ್ರಿ ನನ್ನ ಕೈಬರಹ, ಸರ್.’
ರುಖಿಯಾಳ ಹೆಸರನ್ನು ಮುಚ್ಚಿಡಲಿಲ್ಲ.
ನನ್ನದರ ಕೆಳಗೆ ಬರೆದೆ.

ಹಾಲಮ್ಮನಿಗೂ ಹೇಳಬೇಕಿತ್ತು.
‘ನಿನ್ನ ಸೂಜಿ ಅಲ್ಲವ್ವ ಅದು. ತಪ್ಪು ನಮ್ಮದು.’
ಮಗ ಎದ್ದು ನಿಂತ. ಅವನ ಅಂಗಿ ಜಗ್ಗಿದಳು:
‘ಕುತ್ಕಳೋ. ನಮ್ಮ ಓಣಿಯಾಗೆ ನಾಕು ಜನ ಹಾಲಮ್ಮ ಅದೀವಿ,
ಪೋಸ್ಟಿನೋನೂ ತಪ್ತಾನೆ.’
ಮಗ ಕೂರಲಿಲ್ಲ. ಅವನ ಸಿಟ್ಟು ಸರಿಯಾಗಿಯೇ ಇತ್ತು.
ಅದು ಮುಗಿಯುವ ತನಕ
ನಾನೂ ನಿಂತೇ ಇದ್ದೆ.

ಈಗ ಒಂದೇ ಹೆಸರಿನವರು ಅಕ್ಕಪಕ್ಕ ಮಲಗುವುದಿಲ್ಲ.
ಮಣಿಕಟ್ಟಿಗೆ ಪಟ್ಟಿ: ಹೆಸರು, ವಯಸ್ಸು, ಊರು.
ಸೂಜಿಗೆ ಮುಂಚೆ ‘ಹಾಲಮ್ಮ ಅಲ್ವಾ?’ ಅನ್ನುವಂತಿಲ್ಲ,
‘ನಿನ್ನ ಹೆಸರು ಹೇಳವ್ವ’ ಅನ್ನಬೇಕು.
ಆ ಮಾತಿಗೂ ಈ ಮಾತಿಗೂ ನಡುವೆ
ಒಂದು ಜೀವ ಹಿಡಿಸುವಷ್ಟು ಜಾಗ.

ಬಾಗಿಲ ಮೇಲಿನ ಫಲಕದಲ್ಲಿ ನಾವೀಗ ಶುಶ್ರೂಷಾಧಿಕಾರಿಗಳು.
ಅಧಿಕಾರ ಎಂದರೆ ನನ್ನ ಡ್ರಾಯರಿನಲ್ಲಿ
ಎರಡು ಪೆನ್ಸಿಲ್ಲು, ಸವೆದ ಒಂದು ರಬ್ಬರು,
ರಾತ್ರಿಯವರಿಗೆಂದು ಕಟ್ಟಿಸಿಟ್ಟ ಖಾರ ಮಂಡಕ್ಕಿ.

ಇವತ್ತು ಸಂಜೆ ರುಖಿಯಾ ಮೇಜಿನೆದುರು ಬಂದಳು.
ವಾಚನ್ನು ತಿರುವಿದಳು, ಮತ್ತೆ ತಿರುವಿದಳು.
‘ಗುರುವಾರ ರಾತ್ರಿ ನಂಗೆ ಆಗಲ್ಲ, ಸಿಸ್ಟರ್.’
ಕಾರಣ ಹೇಳಲಿಲ್ಲ. ನಾನು ಕೇಳಲಿಲ್ಲ.

ಉಜ್ಜಿದೆ. ಚೌಕದಲ್ಲಿ ಬೂದು ಕಲೆ ಉಳಿಯಿತು.
ಅಲ್ಲಿ ಯಾರನ್ನು ಬರೆಯುವುದೋ ಇನ್ನೂ ಗೊತ್ತಿಲ್ಲ.
ಇವತ್ತು ಸೋಮವಾರ.